ಆವಿ ಹತ್ತಿದ ಕನ್ನಡಕ

ಎದುರು ಕೂತವನ ಕನ್ನಡಕ ಒಮ್ಮೆಗೇ ಬೆಳ್ಳಗಾಯಿತು, ಬಟ್ಟಲ ಮುಚ್ಚಳ ತೆಗೆದದ್ದೇ ತಡ ಆವಿ ನುಗ್ಗಿ ಎರಡೂ ಗಾಜನ್ನು ಮುಚ್ಚಿಬಿಟ್ಟಿತು, ಆದರೂ ಅವನು ಒರೆಸಿಕೊಳ್ಳಲಿಲ್ಲ, ಕಾಣದಿದ್ದರೆ ಬೇಡ ಅನ್ನುವವನ ಹಾಗೆ ಮುಖ ತಗ್ಗಿಸಿ ಒಂದು ಉದ್ದನೆಯ ಉಸಿರು ಎಳೆದ, ಎಳೆದದ್ದನ್ನು ಬಿಡದೆ ಒಳಗೇ ಇಟ್ಟುಕೊಂಡ — ಅವಳಿಗೆ ಹೊಟ್ಟೆ ಉರಿಯಿತು, ಯಾರ ಒಡವೆ ನೋಡಿಯೂ ಉರಿಯದ ಹೊಟ್ಟೆ, ಪಕ್ಕದ ಮನೆಯವರು ಮೇಲೊಂದು ಮಹಡಿ ಎಬ್ಬಿಸಿದಾಗಲೂ ತಣ್ಣಗಿದ್ದ ಹೊಟ್ಟೆ, ಪರದೇಶದ ಊಟದಂಗಡಿಯಲ್ಲಿ ಯಾವನೋ ಗುಮಾಸ್ತ ಉಸಿರೆಳೆದದ್ದಕ್ಕೆ ಉರಿಯಬೇಕೆ, ಉರಿಯಿತು, ಅವನ ಮೂಗು ತನ್ನ ಕೆಲಸ ತಾನು ಮಾಡುತ್ತಿದೆ, ಅವನಿಗೆ ಅದರ ಲೆಕ್ಕವೂ ಇಲ್ಲ, ಮೂಗಿದ್ದವರಿಗೆ ಮೂಗಿನ ನೆನಪಿರುವುದಿಲ್ಲ. ಮನೆಯವರೂ ಹೀಗೆಯೇ, ಬೆಳಗ್ಗೆ ಅವಳು ಎದ್ದು ಬರುವ ಹೊತ್ತಿಗೆ ಹಾಲಿನ ಪಾತ್ರೆಯ ಮೇಲೆ ಬಗ್ಗಿಕೊಂಡು, ಕನ್ನಡಕದ ತುಂಬ ಆವಿ, ಪೊಲೀಸ್ ನಾಯಿಯ ಹಾಗೆ ಮೂಸುತ್ತ, ಏನ್ರೀ ಅದು ಹಾಲಿನವನ ಮೇಲೆ ಇಷ್ಟು ಅನುಮಾನ, ನೀರು ಹಾಕಿದರೆ ಮೂಸಿದರೆ ಗೊತ್ತಾಗುತ್ತಾ ಅಂತ ಅವಳು ರೇಗಿಸಿದರೆ, ಹೆಹೆ ಅಂತ ನಕ್ಕು ಕುರುಡರ ಹಾಗೆ ಬಟ್ಟೆ ತಡಕಾಡಿ ಕನ್ನಡಕ ಒರೆಸಿಕೊಳ್ಳುತ್ತಾರೆ, ವಯಸ್ಸಾಗುತ್ತ ಗಂಡಸರಿಗೆ ಒಂದೊಂದು ಗೀಳು ಹಿಡಿಯುತ್ತದೆ, ಕೆಲವರಿಗೆ ವಾಕಿಂಗು, ಕೆಲವರಿಗೆ ಗಿಡ, ಇವರಿಗೆ ಹಾಲು.

ಅವಳ ಬಟ್ಟಲೂ ಬಂತು, ಅಡುಗೆಯವ ಎರಡೂ ಕೈಯಲ್ಲಿ ಹಿಡಿದು ಕಟ್ಟೆಯ ಮೇಲಿಟ್ಟ, ಕುದುರೆಲಾಳದ ಹಾಗೆ ಬಾಗಿದ ಮರದ ಕಟ್ಟೆ, ಸುತ್ತ ಎತ್ತರದ ಸ್ಟೂಲುಗಳು, ನಡುವೆ ಹಬೆಯಾಡುವ ದೊಡ್ಡ ಕೊಳಗಗಳ ಹಿಂದೆ ತಲೆಗೆ ಬಟ್ಟೆ ಕಟ್ಟಿದ ಅವನೊಬ್ಬನೇ, ಮುಚ್ಚಳದ ಅಂಚನ್ನು ಅವಳು ಬೆರಳ ತುದಿಯಿಂದ ಮೆಲ್ಲಗೆ ಎತ್ತಿದಳು, ನಾಚಿಕೆಗೇಡು, ಮದುವೆ ಹೆಣ್ಣು ಪರದೆ ಸರಿಸಿದ ಹಾಗೆ, ತೆಗೆದಳು, ಬಗ್ಗಿದಳು, ಬಾಯಿ ಮುಚ್ಚಿ ಮೂಗಿನಲ್ಲಿ ಮೂರು ಸಣ್ಣ ಉಸಿರು, ಆಮೇಲೆ ಒಂದು ಉದ್ದದ್ದು, ಅವಳೇ ಎಷ್ಟೋ ಜನಕ್ಕೆ ಕಲಿಸಿಕೊಟ್ಟ ಕ್ರಮ — ಬಿಸಿ ಬಂತು. ಬಿಸಿ ಮಾತ್ರ ಬಂತು. ಮೂಗಿನ ಹೊಳ್ಳೆ ಒದ್ದೆಯಾಯಿತು, ಒಳಗೆ ಯಾರೂ ಬಾಗಿಲು ತೆರೆಯಲಿಲ್ಲ. ಚಳಿಗಾಲದಲ್ಲಿ ಬಂದ ಆ ಜ್ವರ, ಎಲ್ಲರಿಗೂ ಬರುವಂಥದೇ ಜ್ವರ, ಮೈ ಬಿಟ್ಟು ಹೋಗುವಾಗ ಮೂಗನ್ನೂ ಎತ್ತಿಕೊಂಡು ಹೋಯಿತು, ಕದ್ದ ಮೇಲೆ ಬಾಗಿಲು ಹಾಕಿಕೊಂಡು ಹೋಗುವ ಸಭ್ಯ ಕಳ್ಳನ ಹಾಗೆ, ನಾಲಿಗೆಯನ್ನು ಮಾತ್ರ ಬಿಟ್ಟಿದೆ, ಉಪ್ಪು ಗೊತ್ತಾಗುತ್ತದೆ, ಸಿಹಿ, ಹುಳಿ, ಕಹಿ, ಅಷ್ಟೆ, ಹುರಿದದ್ದೋ ಸೀದದ್ದೋ ಹಳಸಿದ್ದೋ ಏನೂ ಇಲ್ಲ, ಊಟವೆಂದರೆ ಉಪ್ಪು ಹಾಕಿದ ಬಿಸಿ ಬಟ್ಟೆ ಅಗಿದ ಹಾಗೆ. ಮೂಗಿನ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಬರಬಹುದು, ಬರದೇನೂ ಇರಬಹುದು, ಘಾಟಿನ ಪದಾರ್ಥ ಮೂಸ್ತಾ ಇರಿ, ಹೊಸ ಹೊಸ ವಾಸನೆ ತೋರಿಸ್ತಾ ಇರಿ ಮೂಗಿಗೆ, ಅಂದರು, ಮಗುವಿಗೆ ಗಿಲಕಿ ತೋರಿಸಿ ಅನ್ನುವ ಧಾಟಿಯಲ್ಲಿ, ಆಮೇಲೆ ಕೇಳಿದರು, ಕೆಲಸ ಏನಮ್ಮ ನಿಮ್ಮದು, ಅವಳು ಆಫೀಸು ಅಂದಳು. ಬಿಸ್ಕತ್ತು ಕಾರ್ಖಾನೆಯಲ್ಲಿ ರುಚಿ ನೋಡುವ ವಿಭಾಗದ ಮುಖ್ಯಸ್ಥೆ, ಪ್ಯಾಕಿಂಗಿನ ಹೆಂಗಸರ ಬಾಯಲ್ಲಿ ಮೂಗಿನ ಮೇಡಂ, ಆ ಮೂಗಿನಿಂದಲೇ ಅನ್ನ ತಿಂದವಳು, ಹೇಗೆ ಹೇಳುವುದು.

ಯಾರಿಗೂ ಹೇಳಿಲ್ಲ. ಮನೆಯಲ್ಲೂ. ಹೇಳಿದರೆ ಮನೆಯವರು ಮೊದಲು ನಗುತ್ತಾರೆ, ಯಾಕೆಂದರೆ ಮನೆಯಲ್ಲಿ ಮೂಗು ಅವಳದೊಂದೇ ಅಂತ ಮೊದಲಿಂದಲೂ ಇತ್ಯರ್ಥವಾಗಿತ್ತು, ಡ್ರಾಯಿಂಗ್ ಮೇಷ್ಟ್ರು ಅವರು, ಕಣ್ಣು ಅವರದು, ನಿಮ್ಮ ಮೂಗು ಇರೋದು ಕನ್ನಡಕ ನಿಲ್ಲಿಸೋಕೆ ಮಾತ್ರ ಕಣ್ರೀ ಅಂತ ಮದುವೆಯಾದ ವರ್ಷವೇ ಅವಳು ಅಂದಿದ್ದಳು, ಒಲೆಯ ಮೇಲೆ ಅನ್ನ ಸೀದು ಕರಕಲಾಗುತ್ತಿದ್ದರೂ ಪಕ್ಕದಲ್ಲೇ ಕೂತು ಕುಂಚ ತೊಳೆಯುತ್ತಿದ್ದ ಪುಣ್ಯಾತ್ಮರು, ಅವಳು ಬೀದಿಯ ತಿರುವಿನಲ್ಲೇ ವಾಸನೆ ಹಿಡಿದು ಓಡಿ ಬಂದು ಒಲೆ ಆರಿಸಿದಾಗ, ಓ ಬಂದ್ಯಾ, ಬಿಸಿ ಬಿಸಿ ಊಟ ಮಾಡೋಣ ಅಂದಿದ್ದರು. ಅಂಥವರು ಈಗ ಇದ್ದಕ್ಕಿದ್ದಂತೆ ವಾಸನೆಯ ರೇಡಿಯೋ ಆಗಿದ್ದಾರೆ. ಅಬ್ಬಾ ಪಕ್ಕದ ಮನೇಲಿ ಬೆಳ್ಳುಳ್ಳಿ ಹುರೀತಿದಾರೆ ಕಣೇ. ಮಳೆ ಬರೋ ಹಾಗಿದೆ, ಮಣ್ಣಿನ ವಾಸನೆ. ಈ ಸೋಪು ಬೇರೆ ತರಾನೇ, ನಿಂಬೆಹಣ್ಣು ಅಲ್ವಾ. ಸೋಪಿನ ಪೊಟ್ಟಣದ ಮೇಲೆ ನಿಂಬೆಹಣ್ಣಿನ ಚಿತ್ರವಿತ್ತು, ಓದಿ ಹೇಳಿದ್ದು, ಮೂಸಿ ಹೇಳಿದ್ದಲ್ಲ, ಅವಳಿಗೆ ಅಷ್ಟೂ ಗೊತ್ತಾಗುವುದಿಲ್ಲವೆ, ಮಳೆಯೂ ಬರಲಿಲ್ಲ ಅವತ್ತು. ಹುಣ್ಣಿನ ಮೇಲೆ ಕಡ್ಡಿ ಆಡಿಸಿದ ಹಾಗೆ, ಬೇರೆ ಮಾತೇ ಇಲ್ಲವೆ ಈ ಮನುಷ್ಯನಿಗೆ, ಪಕ್ಕದ ಮನೆಯಾಕೆ ಗೇಟಿನಲ್ಲಿ ಹಿಡಿದು ನಿಲ್ಲಿಸಿ, ಏನ್ರೀ ನಿಮ್ಮ ಯಜಮಾನ್ರು ದಿನಾ ಬೇಲಿ ಹತ್ರ ನಿಂತು ಇವತ್ತೇನು ಅಡುಗೆ ಅಂತ ವಿಚಾರಿಸ್ತಾರೆ, ನೀವು ಸರಿಯಾಗಿ ಊಟ ಹಾಕ್ತಿಲ್ವಾ ಹೇಗೆ, ಅಂತ ನಕ್ಕಾಗ ಅವಳ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ, ಒಳಗೆ ಬಂದು ದಬಾಯಿಸಿದ್ದಳು, ಮಾನ ಕಳೀಬೇಡಿ ಅಂದಿದ್ದಳು, ಅವರು ತಲೆ ಕೆರೆದುಕೊಂಡು ಸುಮ್ಮನಾದರು.

ಕಾರ್ಖಾನೆಯಲ್ಲಿ ಇಷ್ಟು ದಿನ ದಬ್ಬಿದ್ದು ಒಂದು ಪದ್ಧತಿಯ ಮರೆಯಲ್ಲಿ — ಮುಖ್ಯಸ್ಥೆ ಕೊನೆಗೆ ಮಾತಾಡಬೇಕು, ಮೊದಲೇ ಬಾಯಿಬಿಟ್ಟರೆ ಉಳಿದವರು ಅದನ್ನೇ ಹೇಳುತ್ತಾರೆ ಅಂತ ಅವಳೇ ತಂದ ಪದ್ಧತಿ, ಎಲ್ಲರೂ ಬಿಳಿ ಕೋಟು ಹಾಕಿ ಕೂರುತ್ತಾರೆ, ಪೌಡರಿಲ್ಲ, ಸೆಂಟಿಲ್ಲ, ತಲೆಗೆ ಎಣ್ಣೆಯಿಲ್ಲ, ಕಚ್ಚು, ಅಗಿ, ಗಾಳಿ ಎಳೆ, ಕಾಗದದ ಲೋಟಕ್ಕೆ ಉಗುಳು, ಬೆಚ್ಚಗಿನ ನೀರು ಮುಕ್ಕಳಿಸು, ಇನ್ನೊಂದು ಕಚ್ಚು, ಆಮೇಲೆ ಒಬ್ಬೊಬ್ಬರೇ, ಚಿಕ್ಕ ಮೇಡಂ ಯಾವಾಗಲೂ ಮೊದಲು, ಅವಳ ಕೈಕೆಳಗೇ ಕಲಿತ ಹುಡುಗಿ, ಈಗ ಎರಡು ಮಕ್ಕಳ ತಾಯಿ, ಇನ್ನೂ ಹುಡುಗಿಯೇ, ಮೇಡಂ ಬೆಣ್ಣೆ ಸ್ವಲ್ಪ ಕಮಟು ಹೊಡೀತಿದೆ, ಅಂದರೆ ಇವಳು ಕಣ್ಣು ಮುಚ್ಚಿ, ಒಂದು ಕ್ಷಣ ತಡೆದು, ಹೂಂ, ಕಮಟು, ಅಂಚಿನಲ್ಲಿ, ಅನ್ನುತ್ತಾಳೆ, ಅಂಚಿನಲ್ಲಿ ಅನ್ನುವುದು ಇವಳ ಸೇರ್ಪಡೆ, ಎಲ್ಲರೂ ತಲೆದೂಗುತ್ತಾರೆ. ಕಮಟು, ಮುಗ್ಗಲು, ಘಾಟು, ಹಸಿ, ಸೀದದ್ದು, ಹಳಸಲು — ಈ ಮಾತುಗಳನ್ನೆಲ್ಲ ಅವರ ಮೂಗಿಗೆ ಹಚ್ಚಿಕೊಟ್ಟವಳು ತಾನು, ಈಗ ಮಾತು ಮಾತ್ರ ತನ್ನ ಹತ್ತಿರ, ಸತ್ತವರ ಬಟ್ಟೆಗಳನ್ನು ಮಡಿಸಿಟ್ಟುಕೊಂಡ ಹಾಗೆ. ಅಮ್ಮನ ಶಾಲು ಹಾಗೆಯೇ ಬೀರುವಿನಲ್ಲಿದೆ, ಹೋದ ತಿಂಗಳು ತೆಗೆದು ಮುಖಕ್ಕೆ ಒತ್ತಿಕೊಂಡರೆ ಉಣ್ಣೆ ಚುಚ್ಚಿತು, ಅಷ್ಟೆ, ಅಮ್ಮ ಎರಡನೇ ಸಲ ಹೋದಳು. ಇದೆಲ್ಲ ಹೇಗೋ ನಡೆಯುತ್ತಿತ್ತು, ಆದರೆ ವರ್ಷಕ್ಕೊಮ್ಮೆ ಬರುವ ಮೂರು ಬಟ್ಟಲಿನ ಪರೀಕ್ಷೆ ಇದೆಯಲ್ಲ, ಊರಿಗೆ ಹೋದ ಮಾರನೆಯ ದಿನವೇ ಇದೆ, ಅದರಲ್ಲಿ ಕೊನೆಗೆ ಮಾತಾಡುವ ಪ್ರಶ್ನೆಯಿಲ್ಲ, ಮುಖ್ಯಸ್ಥೆಯೂ ಒಂಟಿಯಾಗಿ ಪೆಟ್ಟಿಗೆಯಂಥ ಗೂಡಿನಲ್ಲಿ ಕೂರಬೇಕು, ಕೆಂಪು ದೀಪ, ಬಣ್ಣ ನೋಡಿ ಹೇಳದಿರಲಿ ಅಂತ, ಕಿಂಡಿಯಿಂದ ಮೂರು ಮುಚ್ಚಿದ ಬಟ್ಟಲು ಒಳಗೆ ತಳ್ಳುತ್ತಾರೆ, ಎರಡು ಒಂದೇ, ಒಂದು ಬೇರೆ, ಬೇರೆಯದನ್ನು ಹಿಡಿದು ತೋರಿಸಬೇಕು. ಗೊತ್ತಾಗದಿದ್ದರೆ ಮೇಡಂ, ಅಂತ ಹೊಸದಾಗಿ ಸೇರಿದವರು ಪ್ರತಿ ವರ್ಷ ಕೇಳುತ್ತಾರೆ, ಪ್ರತಿ ವರ್ಷ ಅವಳು ಹೇಳುತ್ತಾಳೆ, ಗೊತ್ತಾಗಲ್ಲ ಅನ್ನೋ ಹಾಗಿಲ್ಲಮ್ಮ, ಒಂದನ್ನ ಆರಿಸಲೇಬೇಕು.

ಆರಿಸಲೇಬೇಕು. ಅದಕ್ಕೇ ತಾನೇ ಇಲ್ಲಿ ಉಳಿದದ್ದು, ಕಾರ್ಖಾನೆಗೆ ಓವನ್ ಕೊಳ್ಳುವ ಕೆಲಸ ಮುಗಿದು ಜೊತೆಗೆ ಬಂದಿದ್ದ ಇಂಜಿನಿಯರು ವಾಪಸು ಹೊರಟರೂ ಇವಳು ಉಳಿದದ್ದು, ಹೊಸ ಓವನ್ ತಯಾರಿಸುವವರ ಕಾರ್ಖಾನೆಯಲ್ಲಿ ಸುಟ್ಟು ತೋರಿಸಿದ ಬಿಸ್ಕತ್ತಿಗೆ ಇವಳು ಒಪ್ಪಿಗೆ ಕೊಟ್ಟದ್ದೂ ಕಿವಿಯಿಂದ, ಮುರಿದ ಸದ್ದು ಕೇಳಿ, ಅಂಚಿನ ಬಣ್ಣ ನೋಡಿ, ಆಮೇಲೆ ಇಂಜಿನಿಯರನ ಮುಖ ನೋಡಿ, ಸೂಪರ್ ಮೇಡಂ ಅಂತ ಅವನು ನಾಲ್ಕನೆಯದಕ್ಕೆ ಕೈ ಹಾಕಿದಾಗ, ಸರಿ ಅಂದಳು. ಹೋಟೆಲಿನ ಕಿಟಕಿಯ ಹತ್ತಿರ ನಿಂತು ಮನೆಗೆ ಫೋನು ಮಾಡಿ, ರೀ, ಇಷ್ಟು ದೂರ ಬಂದಿದೀನಿ, ನಾಲ್ಕು ದಿನ ಇದ್ದು ಬೇರೆ ಊರೆಲ್ಲ ನೋಡಿ, ಇಲ್ಲಿಯವರ ಊಟ ಎಲ್ಲ ತಿಂದು ಬರಲಾ, ಅಂದಾಗ ಅವಳಿಗೆ ಬೇಕಾಗಿದ್ದದ್ದು ಒಂದು ಚೂರು ತಕರಾರು, ನಾನಿಲ್ಲಿ ಏನು ಮಾಡಲಿ ಅನ್ನುವಂಥದ್ದು, ಅವರು, ಇರು ಇರು, ನೋಡ್ಕೊಂಡು ಬಾ, ಎಲ್ಲಾ ತಿನ್ನು, ಏನೂ ಬಿಡಬೇಡ, ಅಂದರು, ಎಷ್ಟು ಬೇಗ ಒಪ್ಪಿದರೆಂದರೆ ಅವಳಿಗೆ ಅದೂ ಚುಚ್ಚಿತು, ನಾನಿಲ್ಲದಿದ್ದರೆ ಹಾಯಾಗಿರುತ್ತಾರೆ ಅನ್ನಿಸಿತು. ಮೊದಲ ಊರಿನಲ್ಲಿ ಬೆಳಗಿನ ಮೀನು ಮಾರುಕಟ್ಟೆ, ಬೇಕೆಂದೇ ಹೋದಳು, ಹುಟ್ಟಿದಾಗಿನಿಂದ ಮೀನಿನ ಬೀದಿಗೆ ಮೂಗು ಮುಚ್ಚಿಕೊಂಡು ಅಡ್ಡದಾರಿ ಹಿಡಿದವಳು, ಈಗ ಹೊಳೆಯುವ ಹೊಟ್ಟೆಗಳ ನಡುವೆ, ಕರಗುವ ಮಂಜುಗಡ್ಡೆಯ ನಡುವೆ, ಕತ್ತರಿಸಿ ಬಿಸಾಕಿದ ತಲೆಗಳ ನಡುವೆ ಮೂಗು ತೆರೆದು ನಿಂತಳು, ಏನೂ ಇಲ್ಲ, ಕ್ಯಾಲೆಂಡರಿನ ಚಿತ್ರದೊಳಗೆ ನಿಂತ ಹಾಗೆ, ಕಾಲಿನ ಚಪ್ಪಲಿ ಮಾತ್ರ ಒದ್ದೆ, ಮೀನಿನವಳು ಯಾಕಿವಳು ಕೊಳ್ಳದೆ ಉಸಿರಾಡುತ್ತ ನಿಂತಿದ್ದಾಳೆ ಅಂತ ದಿಟ್ಟಿಸಿದಳು. ಎರಡನೆಯ ಊರಿನಲ್ಲಿ ಹುದುಗು ಬರಿಸಿದ ಕಾಳು, ಎತ್ತಿದರೆ ನೂಲು ನೂಲಾಗಿ ಜೋಲುವಂಥದ್ದು, ಓವನ್ನಿನವರು ಮೊದಲೇ ಎಚ್ಚರಿಸಿದ್ದರು, ಹೊರಗಿನವರು ಅದರ ಹತ್ತಿರವೂ ಸುಳಿಯಲಾರರು ಅಂತ, ಅವಳು ಎರಡು ಬಟ್ಟಲು ತರಿಸಿಕೊಂಡು ಕೂತಳು, ಪಕ್ಕದ ಮೇಜಿನಲ್ಲಿ ಅವಳ ಹಾಗೇ ಪರದೇಶದ ಹುಡುಗಿಯೊಬ್ಬಳು ಮೂಗು ಹಿಡಿದುಕೊಂಡು ಗೆಳೆಯನ ತೋಳಿಗೆ ಗುದ್ದಿ ನಕ್ಕಳು, ಅದನ್ನು ನೋಡಿ ಅವಳಿಗೆ, ನಾತ ಕೂಡ ಒಂದು ಭಾಗ್ಯ ಕಣೇ ಹುಡುಗಿ, ಅನ್ನಬೇಕೆನಿಸಿತು, ಮೊದಲ ತುತ್ತನ್ನು ಅಭ್ಯಾಸಬಲದಿಂದ ಉಗುಳಲು ಲೋಟ ಹುಡುಕಿದಳು, ಲೋಟವಿರಲಿಲ್ಲ, ಕೈವಸ್ತ್ರಕ್ಕೆ ಉಗುಳಿಬಿಟ್ಟಳು, ಬಡಿಸಿದ ಹೆಂಗಸಿನ ಮುಖ ಸಣ್ಣಗಾಯಿತು, ಹಾಗಲ್ಲಮ್ಮ, ನನ್ನ ಕೆಲಸವೇ ಅದು, ಚೆನ್ನಾಗಿದೆ, ಚೆನ್ನಾಗಿರಬೇಕು — ಯಾವ ಭಾಷೆಯಲ್ಲಿ ಹೇಳುವುದು, ಬಟ್ಟಲು ಎರಡನ್ನೂ ಬರಿದು ಮಾಡಿ ಎದ್ದು ಕೈಮುಗಿದು ಬಂದಳು.

ಇದು ಮೂರನೆಯ ಊರು, ಸಂಜೆಗೆ ವಿಮಾನ ನಿಲ್ದಾಣದ ರೈಲು, ಅಥವಾ ಇನ್ನೂ ಒಂದು ಊರು — ಫೋನಿನಲ್ಲಿ ಟಿಕೆಟ್ ಬದಲಾಯಿಸುವ ಪುಟ ಬೆಳಗ್ಗೆಯಿಂದ ತೆರೆದೇ ಇದೆ, ಹೆಬ್ಬೆರಳು ಒತ್ತಿದರೆ ಆಯಿತು, ಪರೀಕ್ಷೆಯ ದಿನ ತಪ್ಪುತ್ತದೆ, ದಕ್ಷಿಣದ ಕಡೆ ಖಾರ ಜಾಸ್ತಿಯಂತೆ, ಅಲ್ಲಿ ಏನಾದರೂ, ಎಡಗಾಲು ಸ್ಟೂಲಿನ ಕೆಳಗೆ ತಾನೇ ತಾನಾಗಿ ಕುಣಿಯುತ್ತಿದೆ, ಕಾಲು ಕುಣಿಸಬೇಡ್ವೇ ಅನ್ನುತ್ತಿದ್ದಳು ಅಮ್ಮ, ಕಡ್ಡಿಯಲ್ಲಿ ನೂಡಲ್ಸ್ ಎತ್ತಿದಳು, ಜಾರಿತು, ಮತ್ತೆ ಎತ್ತಿದಳು, ಉಪ್ಪು, ಸ್ವಲ್ಪ ಸಿಹಿ, ಹಿಂದೆ ಏನೋ ಇರಬೇಕು, ಎಲುಬು ಕುದಿಸಿದ್ದಿರಬೇಕು, ಒಣಮೀನಿರಬೇಕು, ಇರಬೇಕು ಇರಬೇಕು, ಒಗ್ಗಟ್ಟಾಗಿ ಎಲ್ಲರೂ ಸೊರ್ ಸೊರ್ ಅಂತ ಎಳೆಯುತ್ತಿದ್ದಾರೆ, ಇಲ್ಲಿ ಸದ್ದು ಮಾಡಿಯೇ ತಿನ್ನುತ್ತಾರೆ, ಅವಳೂ ಎಳೆದಳು, ಗಾಳಿಯ ಸಮೇತ, ಕಣ್ಣು ಮುಚ್ಚಿ, ಬಾಯಿಯ ಹಿಂಬಾಗಿಲಿನಿಂದ ಮೂಗಿಗೆ ಹತ್ತಲಿ ಅಂತ, ಹತ್ತು, ಹತ್ತು — ಏನೋ ಒಂದು ಎಳೆ, ಇದೆಯೆ, ಕಮರಿದ್ದಾ, ಹುರಿದದ್ದಾ, ಇಲ್ಲ ಅದು ನೆನಪು, ಕಾಯುವವರಿಗೆ ಗೇಟಿನ ಸದ್ದು ಕೇಳಿಸುತ್ತಲೇ ಇರುತ್ತದಲ್ಲ ಹಾಗೆ, ಇರು ಇರು, ಇನ್ನೊಮ್ಮೆ, ಕಣ್ಣು ಬಿಗಿದು ಎಳೆದಳು, ಯಾರೋ ಏನೋ ಕೂಗಿದರು, ಸ್ಟೂಲು ಜರುಗಿದ ಸದ್ದು, ಇನ್ನೊಂದು, ಅವಳು ಕಣ್ಣು ಬಿಡಲಿಲ್ಲ, ಏಕಾಗ್ರತೆ ಬೇಕು, ಗೂಡಿನೊಳಗೆ ಕೂತಾಗ ಹೊರಗೆ ಸಿಡಿಲು ಬಿದ್ದರೂ ಕಣ್ಣು ಬಿಡಬಾರದು, ಅವಳೇ ಕಲಿಸಿದ್ದು, ಆಗ ಯಾರೋ ತೋಳು ಹಿಡಿದು ಎಳೆದರು.

ಒಬ್ಬ ಮುದುಕಿ, ಅವಳ ಭುಜದಷ್ಟೂ ಎತ್ತರವಿಲ್ಲ, ಹಿಡಿತ ಮಾತ್ರ ಇಕ್ಕಳ, ಏನೋ ಬಡಬಡ ಹೇಳುತ್ತ ತನ್ನ ಮೂಗನ್ನು ಬೆರಳಿಂದ ತಟ್ಟಿ ತಟ್ಟಿ ತೋರಿಸುತ್ತಿದ್ದಾಳೆ, ಅವಳು ಕಣ್ಣು ಬಿಟ್ಟು ನೋಡಿದರೆ ಕಟ್ಟೆ ಖಾಲಿ, ಬಟ್ಟಲುಗಳು ಹಾಗೇ ಇವೆ, ಕನ್ನಡಕದವನೂ ಇಲ್ಲ, ಎಲ್ಲರೂ ಬಾಗಿಲ ಹೊರಗೆ, ಹಿಂದಿನ ಒಲೆಯ ಪರದೆಯ ಸಂದಿಯಿಂದ ಈಗ ತಾನೇ ಕಪ್ಪು ಹೊಗೆ ಎಳೆ ಎಳೆಯಾಗಿ ಹೊರಡುತ್ತಿದೆ, ಅಡುಗೆಯವ ಬಟ್ಟೆ ಬೀಸುತ್ತ ಕೂಗುತ್ತಿದ್ದಾನೆ, ಹೊಗೆ ಕಾಣುವ ಮೊದಲೇ ಎಲ್ಲರಿಗೂ ಗೊತ್ತಾಗಿದೆ, ಇವಳೊಬ್ಬಳು ಉರಿಯುವ ಮನೆಯಲ್ಲಿ ಕೂತು ಕಣ್ಣು ಮುಚ್ಚಿ ಸೊರ್ ಅಂತ ಎಳೆಯುತ್ತಿದ್ದಾಳೆ, ಕಡ್ಡಿ ಇನ್ನೂ ಕೈಯಲ್ಲೇ ಇತ್ತು, ಹಾಗೆಯೇ ಮುದುಕಿಯ ಹಿಂದೆ ಹೊರಗೆ ಬಂದಳು, ಶಾಲೆಯಿಂದ ಕರೆದುಕೊಂಡು ಬಂದ ಮಗುವಿನ ಹಾಗೆ. ದೊಡ್ಡದೇನೂ ಆಗಲಿಲ್ಲ, ಎಣ್ಣೆಯ ಬಾಣಲೆ ಹತ್ತಿಕೊಂಡಿತ್ತು, ಮುಚ್ಚಿದರು, ಆರಿತು, ಜನ ಬಾಯಿಯ ಮುಂದೆ ಕೈ ಬೀಸಿಕೊಳ್ಳುತ್ತ ಕೆಮ್ಮುತ್ತ ನಗುತ್ತ ಒಬ್ಬರಿಗೊಬ್ಬರು ಏನೋ ಹೇಳಿಕೊಂಡರು, ಆ ಮುದುಕಿ ಅವಳನ್ನು ಕೆಳಗಿನಿಂದ ಮೇಲೆ ನೋಡಿದಳು, ಬೈಗುಳವಲ್ಲ, ಮರುಕವೂ ಅಲ್ಲ, ಮತ್ತೊಮ್ಮೆ ತನ್ನ ಮೂಗನ್ನು ತಟ್ಟಿದಳು, ಈ ಸಲ ಮೆಲ್ಲಗೆ, ಪ್ರಶ್ನೆಯ ಹಾಗೆ. ಅವಳು ತಲೆಯಾಡಿಸಿದಳು. ಇಲ್ಲ ಅಂತ. ಮುದುಕಿ ಅವಳ ಕೈಯಲ್ಲಿದ್ದ ಕಡ್ಡಿಗಳನ್ನು ಬಿಡಿಸಿಕೊಂಡು ಒಳಗೆ ಕೊಡಲು ಹೋದಳು.

ಆಗಲೇ ಫೋನು, ಮನೆಯವರು, ಅಲ್ಲಿ ಈಗ ಶಾಲೆಯ ಊಟದ ಬಿಡುವು, ಹಿಂದೆ ಮಕ್ಕಳ ಗಲಾಟೆ, ಏನೇ, ಊಟ ಆಯ್ತಾ, ಏನ್ ತಿಂದೆ, ಅವಳ ಬಾಯಿ ತಾನೇ ಶುರುಮಾಡಿತು, ದಿನವೂ ಮಾಡುತ್ತಿದ್ದ ಹಾಗೆ, ನೂಡಲ್ಸ್ ರೀ, ಸಾರಿನಲ್ಲಿ, ಎಂಥ ಘಮ ಅಂತೀರಿ, ಎಲುಬು ಕುದಿಸಿದ್ದು, ಕೆಳಗೆ ಒಣಮೀನಿನ ಗಾಢ ವಾಸನೆ, ಮೇಲೆ ಹಸಿ ಈರುಳ್ಳಿ ಸೊಪ್ಪು, ಅಂಚಿನಲ್ಲಿ ಒಂದು ಚೂರು ಹೊಗೆ, ಹೂಂ ಹೂಂ ಅಂದರು ಅವರು, ಆಮೇಲೆ ಅವಳಿಗೆ ಎದೆ ಇನ್ನೂ ಹೊಡೆದುಕೊಳ್ಳುತ್ತಿತ್ತಲ್ಲ, ಮಾತು ನಿಲ್ಲಲಿಲ್ಲ, ನಗುತ್ತಲೇ ಹೇಳಿದಳು, ಅಯ್ಯೋ ಕೇಳಿ, ಈಗ ತಾನೇ ಏನಾಯ್ತು ಗೊತ್ತಾ, ಒಲೆ ಹಿಂದೆ ಎಣ್ಣೆ ಹತ್ತಿಕೊಂಡು ಎಲ್ಲರೂ ಎದ್ದು ಓಡಿದ್ರು. ನಿಂಗೆ ಯಾರು ಹೇಳಿದ್ರು, ಅಂದರು ಅವರು. ಒಬ್ಬ ಅಜ್ಜಿ, ತೋಳು ಹಿಡಿದು ಎಳ್ಕೊಂಡು ಬಂದ್ಲು, ಅಂದಳು ಅವಳು. ಪುಣ್ಯಾತ್ಗಿತ್ತಿ, ಅಂದರು ಅವರು, ಕೆಮ್ಮಿದರು, ಇಲ್ಲಿ ಎಲ್ಲಾ ಸರಿ ಇದೆ, ನೀನಿಲ್ಲ ಅಂತ ಹಾಲು ಕಡಿಮೆ ತಗೋತಿದೀನಿ, ಇವತ್ತು ಮೂಸಲೇ ಇಲ್ಲ ನೋಡು, ಒಡೆದು ಹೋಗಿತ್ತು, ಕಾಫಿಗೆ ಹಾಕಿದ ಮೇಲೇ ಗೊತ್ತಾಯ್ತು, ಗಂಟೆ ಹೊಡೀತು, ಇಡ್ಲಾ, ಹುಷಾರು. ಇಟ್ಟರು.

ರಸ್ತೆ ದಾಟುವಾಗ ಏನೂ ಅನ್ನಿಸಲಿಲ್ಲ. ದೀಪ ಹಸಿರಾಗುವವರೆಗೆ ಎಲ್ಲರೂ ನಿಲ್ಲುತ್ತಾರೆ ಇಲ್ಲಿ, ಒಂದು ಗಾಡಿಯೂ ಇಲ್ಲದಿದ್ದರೂ, ಅವಳೂ ನಿಂತಳು, ಹಸಿರಾಯಿತು, ನಡೆದಳು, ನಿಲ್ದಾಣದ ಮೆಟ್ಟಿಲ ಪಕ್ಕ ಹೂವಿನಂಗಡಿ, ಅಭ್ಯಾಸಕ್ಕೆ ಬಗ್ಗಿ ಮೂಸಿದಳು, ನೀರಿನ ತಂಪು, ನಿಂಗೆ ಯಾರು ಹೇಳಿದ್ರು, ಚಲಿಸುವ ಮೆಟ್ಟಿಲು ಮೇಲಕ್ಕೆ ಒಯ್ದಿತು, ಎಲ್ಲರೂ ಒಂದೇ ಮಗ್ಗುಲಿಗೆ ನಿಂತಿದ್ದಾರೆ, ನಿಂಗೆ ಯಾರು ಹೇಳಿದ್ರು — ಅದೇನು ಪ್ರಶ್ನೆ ಅದು. ಬೆಂಕಿ ಬಿತ್ತು ಅಂದರೆ ಯಾರಾದರೂ ಏನು ಕೇಳುತ್ತಾರೆ, ಪೆಟ್ಟಾಯ್ತಾ ಅಂತ ಕೇಳುತ್ತಾರೆ, ದೊಡ್ಡ ಬೆಂಕಿಯಾ ಅಂತ ಕೇಳುತ್ತಾರೆ, ಬೀದಿಯ ತಿರುವಿನಲ್ಲೇ ಸೀದ ವಾಸನೆ ಹಿಡಿದು ಓಡಿ ಬರುತ್ತಿದ್ದ ಹೆಂಡತಿಯನ್ನು ನಿಂಗೆ ಯಾರು ಹೇಳಿದ್ರು ಅಂತ ಯಾವ ಗಂಡ ಕೇಳುತ್ತಾನೆ, ಅವಳು ಮೆಟ್ಟಿಲು ಮುಗಿದದ್ದು ಕಾಣದೆ ಮುಗ್ಗರಿಸಿದಳು, ಹಿಂದಿನವರು ಹಿಡಿದುಕೊಂಡರು. ಯಾರಾದರೂ ಹೇಳಬೇಕು ಅಂತ ಗೊತ್ತಿದ್ದವರು ಕೇಳುವ ಪ್ರಶ್ನೆ. ಎಂದಿನಿಂದ. ಅಡುಗೆಮನೆಯ ಛಾವಣಿಗೆ ಬಿಳಿ ತಟ್ಟೆಯಂಥ ಯಂತ್ರ ಬಂದದ್ದು ಎಂದು, ಹೊಗೆ ಬಂದರೆ ಕಿರುಚುವಂಥದ್ದು, ಶಾಲೇಲಿ ಒಂದು ಹೆಚ್ಚಿಗೆ ಬಂದಿತ್ತು ಕಣೇ ಅಂದಿದ್ದರು, ಜ್ವರ ಬಿಟ್ಟು ವಾರ ಆಗಿತ್ತೋ ಇಲ್ಲವೋ, ಗ್ಯಾಸಿನ ಕೀಲಿಯನ್ನು ಮಲಗುವ ಮುಂಚೆ ಎರಡೆರಡು ಸಲ ತಿರುಗಿಸಿ ನೋಡುವುದು, ಹೇಗಿದೆ ಹೇಳು ಅಂತ ಪ್ರತಿ ಊಟಕ್ಕೂ ಅವಳ ಬಾಯಿ ನೋಡುತ್ತಿದ್ದವರು ಆ ಮಾತು ನಿಲ್ಲಿಸಿದ್ದು, ಅವಳಿಗೆ ಈಗ ಹೊಳೆಯುತ್ತಿದೆ, ಚಳಿಗಾಲದಿಂದ ಒಮ್ಮೆಯೂ ಕೇಳಿಲ್ಲ, ಪ್ರೀತಿ ಸವೆದಿದೆ ಅಂದುಕೊಂಡಿದ್ದಳು. ಮತ್ತೆ ಆ ರೇಡಿಯೋ. ಬೇಲಿಯ ಹತ್ತಿರ ನಿಂತು, ಇವತ್ತೇನು ಅಡುಗೆ ನಿಮ್ಮನೇಲಿ, ಅಂತ ಪಕ್ಕದ ಮನೆಯಾಕೆಯನ್ನು ಕೇಳಿ ತಿಳಿದು, ಒಳಗೆ ಬಂದು, ಅಬ್ಬಾ ಬೆಳ್ಳುಳ್ಳಿ ಹುರೀತಿದಾರೆ ಕಣೇ — ಮೂಗಿಲ್ಲದ ಮನುಷ್ಯ, ಕನ್ನಡಕ ನಿಲ್ಲಿಸಲು ಮಾತ್ರ ಮೂಗಿದ್ದ ಮನುಷ್ಯ, ಮೂಗಿಲ್ಲದ ಅವಳಿಗೆ ಊರಿನ ವಾಸನೆಗಳನ್ನೆಲ್ಲ ಕೇಳಿಕೊಂಡು ಬಂದು ಬಡಿಸುತ್ತಿದ್ದ, ಪೊಟ್ಟಣ ಓದಿ, ಆಕಾಶ ನೋಡಿ, ತಪ್ಪು ತಪ್ಪಾಗಿ, ಅವಳು ಮಾನ ಕಳೀಬೇಡಿ ಅಂದಳು, ತಲೆ ಕೆರೆದುಕೊಂಡರಲ್ಲ, ಒಂದು ಮಾತು ಆಡಲಿಲ್ಲ, ಹೇಳಿಬಿಟ್ಟರೆ ಅವಳೇ ಹೇಳುವ ದಿನ ಹಾಳಾಗುತ್ತದೆ ಅಂತ ಕಾದರೇ, ಇಷ್ಟು ತಿಂಗಳು, ಎಲ್ಲಾ ತಿನ್ನು ಏನೂ ಬಿಡಬೇಡ ಅಂದದ್ದು ಅದಕ್ಕೇ.

ಪ್ಲಾಟ್‌ಫಾರಂನಲ್ಲಿ ಎರಡು ಕಡೆಗೂ ರೈಲು, ಎಡಕ್ಕೆ ದಕ್ಷಿಣದ ಊರಿಗೆ, ಬಲಕ್ಕೆ ವಿಮಾನ ನಿಲ್ದಾಣಕ್ಕೆ, ನೆಲದ ಮೇಲೆ ಎಳೆದ ಬಿಳಿ ಗೆರೆಯ ಹಿಂದೆ ಜನ ಶಿಸ್ತಾಗಿ ಸಾಲು ಹಿಡಿದಿದ್ದಾರೆ, ಅವಳು ಎರಡರ ನಡುವೆ ಚೀಲ ಹಿಡಿದು ನಿಂತಳು, ಫೋನಿನಲ್ಲಿ ಆ ಪುಟ ಇನ್ನೂ ತೆರೆದಿದೆ, ಒತ್ತಿದರೆ ಆಯಿತು, ಮೂರು ಬಟ್ಟಲು, ಕೆಂಪು ದೀಪ, ಚಿಕ್ಕ ಮೇಡಂ ಕಿಂಡಿಯಿಂದ ಕೈ ಚಾಚುತ್ತಾಳೆ, ಬಳೆ ತೆಗೆದಿಟ್ಟ ಬರಿಗೈ, ಅವಳ ಕೈಯಲ್ಲೇ ಬೆಳೆದ ಕೈ, ಯಾವುದು ಮೇಡಂ, ಆರಿಸಲೇಬೇಕು, ಆರಿಸಲೇಬೇಕು ಅಂದವಳು ನೀವೇ — ನಂಗೆ ಗೊತ್ತಾಗ್ತಿಲ್ಲಮ್ಮ, ಅಂದಳು. ಗಟ್ಟಿಯಾಗಿಯೇ ಅಂದಿದ್ದಳು, ಸಾಲಿನ ಮುಂದಿದ್ದ ಹೆಂಗಸು ತಿರುಗಿ ನೋಡಿ, ತನಗಲ್ಲ ಅಂತ ತಿಳಿದು ತಲೆ ಬಾಗಿಸಿ ಮುಂದಕ್ಕೆ ತಿರುಗಿದಳು, ಇನ್ನೊಮ್ಮೆ ಅಂದಳು, ನಂಗೆ ಗೊತ್ತಾಗ್ತಿಲ್ಲ, ಮೂರೂ ಒಂದೇ, ಚಳಿಗಾಲದಿಂದ, ಯಾರಿಗೂ ಅರ್ಥವಾಗದ ಊರಿನಲ್ಲಿ ಮಾತು ಎಷ್ಟು ಸಲೀಸಾಗಿ ಹೊರಬಿತ್ತು, ಅಲ್ಲಿ ಇಷ್ಟು ಸಲೀಸಾಗಿ ಬರಲಾರದು, ಚಿಕ್ಕ ಮೇಡಂ ಅಳಬಹುದು, ಪ್ಯಾಕಿಂಗಿನವರು ಮೂಗಿನ ಮೇಡಂಗೆ ಮೂಗೇ ಇಲ್ವಂತೆ ಅನ್ನಬಹುದು, ಅನ್ನುತ್ತಾರೆ, ಅನ್ನಲಿ, ಆ ಕುರ್ಚಿ ಬಿಟ್ಟರೆ ತಾನು ಯಾರು, ಬಲಗಡೆಯ ರೈಲು ಬಂದು ನಿಂತಿತು, ಬಾಗಿಲು ಉಸ್ಸೆಂದು ತೆರೆದುಕೊಂಡಿತು, ಕಾಲು ಬಲಕ್ಕೆ ನಡೆಯಿತು, ಕಿಟಕಿ ಪಕ್ಕ ಕೂತಳು, ಹೊರಗೆ ಎಡಗಡೆಯ ರೈಲಿನ ಬಾಗಿಲು ಮುಚ್ಚಿತು, ಗಾಜಿಗೆ ಅವಳ ಉಸಿರು ಬಡಿದು ಮಬ್ಬಾಯಿತು, ಇವತ್ತು ಮೂಸಲೇ ಇಲ್ಲ ನೋಡು, ಅಂದರಲ್ಲ, ಅವಳಿಲ್ಲದ ಮನೆಯಲ್ಲಿ ಹಾಲು ಒಡೆದು ಹೋಯಿತಂತೆ, ತಮಗೊಬ್ಬರಿಗೇ ಆದರೆ ಅವರು ಮೂಸುವುದಿಲ್ಲ, ಬೆಳಗ್ಗೆ ಅವಳು ಏಳುವ ಮೊದಲೇ ಎದ್ದು, ಕಳ್ಳರ ಹಾಗೆ ಒಲೆ ಹಚ್ಚಿ, ತಮ್ಮ ಬಡ ಮೂಗಿಗೆ ಏನೂ ಹತ್ತುವುದಿಲ್ಲವೆಂದು ಇನ್ನೂ ಬಗ್ಗಿ, ಮತ್ತೂ ಬಗ್ಗಿ, ಮುಖ ಸುಡುವಷ್ಟು ಬಗ್ಗಿ, ಆ ಹಾಲಿನ ಪಾತ್ರೆಯ ಮೇಲೆ, ಏನ್ರೀ ಅದು ಅಂದರೆ ಹೆಹೆ ಅಂತ, ಚೆನ್ನಾಗಿದೆ, ಕುಡಿ, ಅಂತ, ತಲೆಯೆತ್ತಿ ಅವಳಿದ್ದ ಕಡೆಗೆ ನೋಡುವರು, ಅವಳು ಕಾಣದೆ, ಕನ್ನಡಕದ ತುಂಬ ಆವಿ, ಎರಡೂ ಗಾಜು ಬೆಳ್ಳಗೆ, ಆವಿ —